ಹತ್ತು ಮಿಲಿಗ್ರಾಂ

ಸ್ಮರಣ ಸಂಚಿಕೆಯವರು ಬಂದೀರಿ, ಕೂಡ್ರಿ.
ನೀವು ಕೇಳೂದು ಇಸ್ವಿ,
ನನಗ ಗೊತ್ತಿರೂದು ಬಾಟ್ಲಿ.
ಗದಗಿನ ಆ ಫಾರ್ಮಸಿ ಕಾಲೇಜಿನ್ಯಾಗ
ಮೂವತ್ತೊಂದು ವರ್ಷ ಗಾಜು ತೊಳದೇನಿ.
ಮೂರು ನೀರು, ಮ್ಯಾಲ ಒಂದು ಭಟ್ಟಿ ನೀರು,
ಒರಸಬಾರ್ದು, ಬೋರಲ ಹಾಕಬೇಕು.
ಕಲಿಸಿದವರು ಹೊಂಬಳ ಅಕ್ಕೋರು.
ಅವರಿಗೆ ಕಲಿಸಿದಾಕಿ ಬ್ಯಾರೆ ಒಬ್ಬಾಕಿ,
ಯುಕ್ರೇನಿನಾಕಿ, ಖಾರ್ಕಿವ್‌ದಾಗ.

ತಕ್ಕಡಿ ಪೆಟಗಿ ಮ್ಯಾಲ, ಗ್ವಾಡಿಗೆ, ಆಕಿ ಫೋಟೋ.
ಬಿಳೆ ಕೋಟು, ಬಿಗಿ ತುಟಿ.
ಒಕ್ಸಾನಾ ಹ್ರಿಹೋರಿವ್ನಾ.
ನನ್ನ ನಾಲಿಗಿ ಹೊರಳಲಿಲ್ಲ, ಗಿರಿಯವ್ವ ಅಂದೆ.
ಅಕ್ಕೋರು ಮೊದಲ ಸಿಟ್ಟಾದ್ರು, ಆಮ್ಯಾಲ ನಕ್ರು,
ಕಡೀಕ ತಾವೂ ಹಂಗ ಅನ್ನಾಕ ಹತ್ತಿದ್ರು.

ಗಿರಿಯವ್ವ ಸಣ್ಣಾಕಿದ್ದಾಗ
ಬೆಳದ ಗೋದಿ ಎಲ್ಲಾ ಸರ್ಕಾರದ ಗಾಡಿ ಹತ್ತಿ ಹೋತು.
ಅವರವ್ವ ಕಡ್ಡಿಗೆ ದಾರ ಕಟ್ಟಿ ತಕ್ಕಡಿ ಮಾಡಿ
ಐದು ಮಕ್ಕಳಿಗೆ ರೊಟ್ಟಿ ಚೂರು ತೂಗಿ ಕೊಡತಿದ್ಲಂತ.
ಕಡೀಕ ಮೂರು ಮಕ್ಕಳಿಗೆ.
ತೂಕ ಅಂದ್ರೇನು ಅನ್ನೂದು
ಆಕಿ ಕಲತದ್ದು ಕಾಲೇಜಿನ್ಯಾಗಲ್ಲ.

ಮುಂದ ಯುದ್ಧ ಬಂತು. ಪ್ರಯೋಗಶಾಲೆ ರೈಲು ಹತ್ತಿತು.
ತಕ್ಕಡಿ ರಜಾಯಿಯೊಳಗ ಸುತ್ತಿ
ಕೂಸಿನಂಗ ತೊಡಿಮ್ಯಾಲ ಇಟಗೊಂಡು ಹದಿನೇಳು ದಿನ ಕುಂತ್ಲು.
ಹೆಣ್ಣಿಗ್ಯಾಕ ರಸಾಯನಶಾಸ್ತ್ರ ಅಂದವರೆಲ್ಲ
ಆಗ ದಂಡಿನ್ಯಾಗಿದ್ರು.
ಅವರ ಗಾಯಕ್ಕ ಹಚ್ಚೂ ಮುಲಾಮು ಈಕಿ ಕುದಿಸಿ ಕಳಸತಿದ್ಲು.

ಅಲ್ಲಿ ಅಡವಿ ನೆರಳಿನ್ಯಾಗ
ಗಂಟಿ ಹಂಗ ಒಂದು ಬಿಳೆ ಹೂವು ಬಿಡತೈತಂತ.
ಎಲಿಯೊಳಗ ವಿಷ.
ಅದಽ ವಿಷ ಎದಿಬಡಿತಕ್ಕ ಔಷಧ.
ನಡುವ ಅಂತರ ಎಷ್ಟ್ರಿ ಅಂತ ಕೇಳಿದ್ರ
ಹತ್ತು ಮಿಲಿಗ್ರಾಂ ಅಂತಿದ್ಲು ಗಿರಿಯವ್ವ,
ಒಮ್ಮೊಮ್ಮೆ ಅಷ್ಟೂ ಇಲ್ಲ.

ಅಕ್ಕೋರದೇನು ಹೇಳ್ಲಿ?
ಎರಡು ಸೀರಿ, ಒಂದು ಡಬ್ಬಿ ಶೇಂಗಾ ಹಿಂಡಿ
ತುಗೊಂಡು ಹೋದ್ರು, ಆರು ವರ್ಷಕ್ಕ ಬಂದ್ರು.
ಕಾಲೇಜು ಅಂದ್ರ ಹಳೇ ಹತ್ತಿ ಗೋಡೌನು,
ಹದಿನೇಳು ಹುಡುಗುರು, ಒಬ್ಬಾಕಿ ಹುಡುಗಿ.
ಜಂತಿಯಿಂದ ಹತ್ತಿ ಎಳಿ ಉದುರಿ ತಟ್ಟಿಯೊಳಗ ಕುಂತ್ರ
ಇಡೀ ಕ್ಲಾಸಿನ ಲೆಕ್ಕ ತಪ್ಪು.
ಸೀರಿ ಹರದು ಚತ್ತು ಕಟ್ಟಿದ್ರು.

ಒಮ್ಮೆ ಕಪ್ಪತಗುಡ್ಡಕ್ಕ ಹೋಗಿ
ಅಡವಿ ಉಳ್ಳಾಗಡ್ಡಿ ಅಗದು ತಂದ್ವಿ, ಚೀಲಗಟ್ಟಲೆ.
ರಸ ತಗದು, ಭಟ್ಟಿ ಇಳಿಸಿ,
ರಾತ್ರಿ ಒಂಬತ್ತಕ್ಕ ಅಕ್ಕೋರು ಸುಮ್ಮನ ಕುಂತಬಿಟ್ರು.
“ದಾವಲಸಾಬ, ಅಲ್ಲಿ ಆ ಹೂವು, ಇಲ್ಲಿ ಈ ಗಡ್ಡಿ,
ಒಂದಽ ಮನಿತನಪಾ.”
ಖಾರ್ಕಿವ್‌ಗೆ ಪತ್ರ ಬರದ್ರು.
ನಾಕು ತಿಂಗಳಿಗೆ ಉತ್ತರ ಬಂತು, ಒಂದಽ ಸಾಲು:
ಮೂರು ಸಲ ತೂಗಿದಿ ಏನು?

ಪತ್ರದ ಜೋಡಿ ಒಂದು ಡಬ್ಬಿ, ತೂಕದ ಬಟ್ಟು.
ಎಲ್ಲಾಕಿಂತ ಸಣ್ಣದು, ಹತ್ತು ಮಿಲಿಗ್ರಾಂದು,
ಹಾಲುಗೆನಿಯಂಥಾ ಅಲ್ಯೂಮಿನಿಯಂ ಎಲಿ.
ಒಂದಿನ ನಾ ಕೆಮ್ಮಿದೆ. ಹಾರಿ ಹೋತು.
ಮೊಣಕಾಲೂರಿ ನೆಲ ಹುಡುಕಿದ್ವಿ, ಕಸ ಜರಡಿ ಹಿಡದ್ವಿ.
ನೌಕರಿ ಹೋತು ಅನಕೊಂಡು ಬಾಗಲಿಗೆ ನಿಂತೆ.
“ಹತ್ತು ಮಿಲಿಗ್ರಾಂಗೆ ಯಾರನ್ನೂ ತಗದು ಹಾಕೂದಿಲ್ಲ.
ಆದ್ರ ಹತ್ತು ಮಿಲಿಗ್ರಾಂಗೆ ಮನಷ್ಯಾ ಸಾಯ್ತಾನ.
ಹುಡುಕು,” ಅಂದ್ರು.

ಹುಡುಕಿದೆ.
ಅಕ್ಕೋರು ರಿಟೈರ್ ಆದ್ರು, ನಾನೂ ಆದೆ.
ಹಳೇ ಮೇಜು ಹರಾಜು ಹಾಕಿದ ದಿನ
ಅದರ ಹಲಗಿ ಸಂದ್ಯಾಗ ಹೊಳೀತು ನೋಡ್ರಿ.

ಬೆಂಕಿಪೆಟಗಿಯೊಳಗ ಇಟ್ಟು ಅವರ ಮನಿಗೆ ಒಯ್ದೆ.
ಶಿವರಾತ್ರಿ ಮುಗದು ಬಿಸಲು ಏರಿತ್ತು.
ಟೀವಿಯೊಳಗ ಖಾರ್ಕಿವ್ ಉರೀತಿತ್ತು.
ಅಂಗೈಮ್ಯಾಲ ಹಾಕಿಸಿಕೊಂಡ್ರು. ಕಣ್ಣು ಮಂಜಾಗಿದ್ವು.
“ಐತೇನೋ?”
“ಐತ್ರಿ.”
“ಫ್ಯಾನ್ ಬಂದ್ ಮಾಡು.”
ಮಾಡಿದೆ. ಬೆವತಕೋತ ಕುಂತ್ವಿ ಇಬ್ರೂ, ಉಸಿರು ಹಿಡದು.
ಕೈ ಮುಚ್ಚಲಿಲ್ಲ ಅವರು.

ಇಸ್ವಿ ಆಫೀಸಿನ್ಯಾಗ ಕೇಳ್ರಿ, ಸಿಗತಾವ.
ಚಾ ಆತೇನು?
ಇಲ್ಲ ಇಲ್ಲ, ಗ್ಲಾಸು ಒರಸಬ್ಯಾಡ್ರಿ,
ಹಂಗಽ ಬೋರಲ ಹಾಕ್ರಿ.