ಕೆಳದನಿ

ಐಸ್ ಹಾಕಿಯ ಅಂಗಳ. ಮಂಜುಗಡ್ಡೆಯ ಮೇಲೆ ಹಲಗೆ ಹಾಸಿ
ವೇದಿಕೆ ಕಟ್ಟಿದ್ದರು. ಎಂಬತ್ತಾರರ ಫೆಬ್ರವರಿ, ಸುಂಡ್ಸ್ವಾಲ್.
ಚಳಿ ಮೇಲಿನಿಂದಲ್ಲ, ಕಾಲಡಿಯಿಂದ ಹತ್ತುತ್ತಿತ್ತು,
ಬೂಟಿನ ಅಟ್ಟೆ ದಾಟಿ, ಎರಡು ಜೊತೆ ಕಾಲುಚೀಲ ದಾಟಿ.
ನಾನೂ ಪರ್ನಿಲ್ಲಾಳೂ ಕೂದಲಿಗೆ ಒಂದು ಡಬ್ಬಿ ಸ್ಪ್ರೇ ಸುರಿದಿದ್ದೆವು;
ಬಸ್ಸಿಗೆ ಕಾಯುವಾಗಲೇ ಅದು ಗಾಜಾಗಿತ್ತು.
ಬೆರಳಲ್ಲಿ ತಟ್ಟಿದರೆ ಟಣ್ ಅನ್ನುತ್ತೆ ನೋಡು, ಎಂದು ಅವಳು ನಕ್ಕಿದ್ದಳು.

ಗ್ಲಾಸ್ ಹಾರ್ಬರ್. ಪೋಸ್ಟರಿನಲ್ಲಿ ಒಂದು ಅಕ್ಷರ ಕಡಿಮೆ.
ನಮ್ಮೂರ ಹುಡುಗರೇ. ಮೂವರ ಅಪ್ಪಂದಿರು ಕಾಗದದ ಕಾರ್ಖಾನೆಯವರು,
ಕೀಬೋರ್ಡಿನವನ ತಾಯಿ ಇಗರ್ಜಿಯಲ್ಲಿ ಆರ್ಗನ್ ನುಡಿಸುವಾಕೆ.
ಅದಕ್ಕೇ ಇರಬೇಕು, ಎಷ್ಟು ಗದ್ದಲ ಎಬ್ಬಿಸಿದರೂ
ಪಲ್ಲವಿಗೆ ಬಂದಾಗ ಮೂರು ಕಂಠ
ಒಟ್ಟಿಗೆ ಮೊಣಕಾಲೂರಿದಂತೆ ಕೇಳಿಸುತ್ತಿತ್ತು.

ಎಲ್ಲರೂ ನೋಡಿದ್ದು ಕೊನ್ನಿಯನ್ನು. ಬಿಳಿ ಪ್ಯಾಂಟು,
ತಾರಕಕ್ಕೆ ಏರುವಾಗ ಕಣ್ಣು ಮುಚ್ಚುವ ಚೆಂದ.
ನಾನೂ ಅವನನ್ನೇ ನೋಡಿದೆ, ಸುಳ್ಳೇಕೆ.
ಪಕ್ಕದಲ್ಲಿ ದಪ್ಪ ಕನ್ನಡಕದ ಸ್ಟಾಫನ್, ಬೇಸ್ ಹಿಡಿದು,
ಕೆಳದನಿ ಕೊಡುತ್ತಿದ್ದ.
ಗೋಡೆಯೊಳಗೆ ಬಿಸಿನೀರು ಹರಿಯುವುದು ಯಾರಿಗೆ ಕೇಳಿಸುತ್ತದೆ?
ಚಳಿಯಾಗುವುದಿಲ್ಲ, ಅಷ್ಟೆ.

ಆಮೇಲಿನದು ಬೇಗ ಮುಗಿಯುತ್ತದೆ: ಒಂದು ಕ್ಯಾಸೆಟ್,
ಜಪಾನಿನಲ್ಲಿ ಹನ್ನೊಂದು ದಿನ, ಸಾಲ, ಕೂದಲು ಕತ್ತರಿಸಿಕೊಂಡರು.
ಆ ಕ್ಯಾಸೆಟ್ಟನ್ನು ಪ್ಲೇಯರು ಎರಡು ಸಲ ನುಂಗಿತು,
ಪೆನ್ಸಿಲು ತೂರಿಸಿ ಸುತ್ತಿ ಸುತ್ತಿ ಉಳಿಸಿಕೊಂಡೆ.
ಇವತ್ತಿಗೂ ಎರಡನೆಯ ಹಾಡಿನ ನಡುವೆ, ಟೇಪು ಸುಕ್ಕಾದ ಕಡೆ,
ನನ್ನ ತಲೆಯೊಳಗೆ ಅವರೆಲ್ಲ ನೀರಲ್ಲಿ ಮುಳುಗಿ ಏಳುತ್ತಾರೆ.
ತೊಂಬತ್ತೊಂಬತ್ತರಲ್ಲಿ ಸ್ಟಾಫನ್ ತೀರಿಕೊಂಡ.
ಪತ್ರಿಕೆಯಲ್ಲಿ ಮೂರು ಸಾಲು. ಬ್ಯಾಂಡಿನ ಹೆಸರಿರಲಿಲ್ಲ.

ಹೋದ ಅಕ್ಟೋಬರಿನಲ್ಲಿ ಚಳಿಗಾಲದ ಟೈರು ಹಾಕಿಸಲು
ರೈಲುಹಳಿಯಾಚೆಯ ಶೆಡ್ಡಿಗೆ ಹೋದೆ.
ಜಾಕ್ ಏರಿಸುತ್ತಿದ್ದವನು ಕೊನ್ನಿ. ಬೋಳುತಲೆ, ಮೊಣಕಾಲಿಗೆ ಪಟ್ಟಿ.
ನಾನು ಬಾಯಿ ಬಿಡಲಿಲ್ಲ. ಏನಂತ ಹೇಳುವುದು,
ನಿಮ್ಮ ಬಿಳಿ ಪ್ಯಾಂಟು ನೆನಪಿದೆ ಅಂತಲೇ?
ಎರಡನೆಯ ಚಕ್ರಕ್ಕೆ ಬೋಲ್ಟು ಬಿಗಿಯುತ್ತ ಅವನು ಗುನುಗಿದ.
ಅದೇ ಪಲ್ಲವಿ. ಆದರೆ ತನ್ನದಲ್ಲ,
ಕೆಳಗಿನದು. ಸ್ಟಾಫನ್‌ನದು.
ಒಂದು ಸ್ವರವೂ ಆಚೀಚೆ ಹೋಗದಂತೆ,
ಮೇಲಿನ ಜಾಗ ಖಾಲಿ ಬಿಟ್ಟು,
ಯಾರೋ ಬಂದು ಕೂರುವವರಿದ್ದಾರೆ ಎಂಬ ಹಾಗೆ.

ನನ್ನ ಗಂಟಲು ತಾನಾಗಿ ತೆರೆದುಕೊಂಡಿತು.
ಶ್ರುತಿ ತಪ್ಪಿತು; ಅಷ್ಟೆತ್ತರ ನನಗೆ ಎಂದೂ ಎಟುಕಿದ್ದಿಲ್ಲ.
ಅವನು ತಲೆ ಎತ್ತಲಿಲ್ಲ, ಸ್ಪ್ಯಾನರು ನಿಲ್ಲಿಸಲೂ ಇಲ್ಲ.
ಮೂರನೆಯ ಚಕ್ರಕ್ಕೆ ಸರಿಯುವಾಗ ಕೊಂಚ ತಡೆದ,
ನಾನು ಉಸಿರೆಳೆದುಕೊಳ್ಳಲಿ ಎಂದು.