ಇತ್ತೊ ಬರೆದ ಉತ್ತರ

ಅಗಾದಿರದ ಬಂದರಿನಾಚೆ, ಅಂಝಾದಲ್ಲಿ,
ಕಾರ್ಮಿಕ ಸಂಘದ ಕೋಣೆಯೇ ನಮ್ಮ ರಾತ್ರಿಶಾಲೆ.
ಹದಿನಾಲ್ಕು ಹೆಂಗಸರು. ನಿಂಬೆ ಎಷ್ಟು ತಿಕ್ಕಿದರೂ
ಬೆರಳಿಗಂಟಿದ ಬೂತಾಯಿ ವಾಸನೆ
ಸೀಮೆಸುಣ್ಣಕ್ಕೂ ಹತ್ತಿದೆ, ಬೀಹಿ ಮೇಷ್ಟ್ರ ಕೋಟಿಗೂ.

ಈ ಹೊತ್ತಿನ ಲೆಕ್ಕ:
ಒಬ್ಬಳು ಒಂದು ಬುಟ್ಟಿ ಮೀನು ಹಸನು ಮಾಡಲು
ಕ್ಷ ನಿಮಿಷ. ಇನ್ನೊಬ್ಬಳಿಗೆ ಮೂರು ಹೆಚ್ಚು.
ಇಬ್ಬರೂ ಕೂಡಿದರೆ ನಿಮಿಷಕ್ಕೆಷ್ಟು?

'ಆ ಇನ್ನೊಬ್ಬಳು ನಾನೇ' ಎಂದಳು ತೂದಾ.
ನಕ್ಕೆವು. ಆಮೇಲೆ ನೆನಪಾಯಿತು,
ಅವಳ ಎರಡು ಬೆರಳು ಹೋದ ವರ್ಷ
ಯಂತ್ರದ ಪಟ್ಟಿಗೆ ಹೋದದ್ದು.

ಮೂವತ್ತೊಂದು ವರ್ಷ ಚೂರಿ ಹಿಡಿದ ಇತ್ತೊ
ಹಲಗೆಯ ಮುಂದೆ ನಿಂತಳು.
ಮೇಲಿನ ಒಂದು ಒಂದು ಕೂಡಿ ಎರಡು,
ಕೆಳಗಿನ ಕ್ಷ, ಕ್ಷ ಕೂಡು ಮೂರು
ಸೇರಿ ಎರಡು ಕ್ಷ ಕೂಡು ಮೂರು.
ಮೇಲಿದ್ದವರು ಮೇಲೆ, ಕೆಳಗಿದ್ದವರು ಕೆಳಗೆ:
ಅವಳು ಕಂಡ ಲೋಕ ಇರುವುದೇ ಹಾಗೆ.

ಮೇಷ್ಟ್ರು ತಪ್ಪೆನ್ನಲಿಲ್ಲ. 'ಕ್ಷ ಆರು ಅಂದುಕೋ' ಎಂದರು.
ಒಬ್ಬಳದೇ ಆರನೆಯ ಒಂದು ಭಾಗ.
ಇಬ್ಬರದು ಕೂಡಿ ಹದಿನೈದರಲ್ಲಿ ಎರಡು,
ಒಬ್ಬಳಿಗಿಂತ ಕಮ್ಮಿ!
'ಇದು ಮ್ಯಾನೇಜರನ ಲೆಕ್ಕ' ಎಂದಳು ತೂದಾ.

ನನ್ನಜ್ಜ ಬೆಟ್ಟದೂರಲ್ಲಿ ಮೂಳೆ ಕೂಡಿಸುತ್ತಿದ್ದ,
ಜಬ್ಬಾರ್ ಎನ್ನುತ್ತಿದ್ದರು. ಈ ವಿದ್ಯೆಯ ಹೆಸರೂ
ಅದೇ ಬೇರಿನದಂತೆ.
ಮುರಿದ ತುದಿಗಳನ್ನು ಅವನು ಹಾಗೇ ಒತ್ತುತ್ತಿರಲಿಲ್ಲ.
ಮೊದಲು ಎಳೆದು ಸಮ ಮಾಡುತ್ತಿದ್ದ.
ಕಿರುಚಾಟವೆಲ್ಲ ಆಗಲೇ.

ಇಲ್ಲೂ ಹಾಗೇ ಎಳೆದರು ಮೇಷ್ಟ್ರು:
ಒಬ್ಬಳ ಛೇದವನ್ನು ಇನ್ನೊಬ್ಬಳು ಹೊರಬೇಕು,
ಕೆಳಗೂ ಮೇಲೂ. ಆಗ
ವೇಷ ಬೇರೆ, ಬೆಲೆ ಅದೇ; ತಳ ಇಬ್ಬರಿಗೂ ಒಂದೇ.
ಈಗ ಕೂಡಿಸು.
ಕೂಡಿಸಿದಳು. ಸುಣ್ಣದ ಕೈ ನಿಂತಿತು:
ಎರಡು ಕ್ಷ ಕೂಡು ಮೂರು,
ಅವಳದೇ ಆ ಮಾತು, ಗೆರೆಯ ಮೇಲೆ ಕೂತಿದೆ!
ತಪ್ಪಿದ್ದು ಉತ್ತರವಲ್ಲ, ಕೂರಿಸಿದ ಜಾಗ.

ಕಳೆಯುವ ಲೆಕ್ಕ ನನ್ನ ಪಾಲಿಗೆ ಬಂತು.
ತೂದಾಳದರಿಂದ ಇನ್ನೊಬ್ಬಳದನ್ನು ಕಳೆದೆ,
ಆವರಣ ಹಾಕಲು ಮರೆತೆ.
ಕ್ಷ ಕ್ಷ ಹೊಡೆದುಹೋಗಿ ಮೇಲೆ ಉಳಿದದ್ದು
ಅಚ್ಚ ಮೂರು.
ಮೇಷ್ಟ್ರು ಎರಡು ಬಿಲ್ಲು ಬರೆದು ಮೂರನ್ನು ಋಣ ಮಾಡಿದರು.
'ಯಾರ ಋಣ?' ಕೇಳಿದಳು ತೂದಾ,
ಎಡಗೈ ಬೆಂಚಿನ ಮೇಲಿಟ್ಟು.
ಮೇಷ್ಟ್ರು ಹಲಗೆ ಒರೆಸತೊಡಗಿದರು.

ಒಂಬತ್ತಕ್ಕೆ ಸೈರನ್. ದೋಣಿ ಬಂದಿವೆ.
ಕಾರ್ಖಾನೆಯಲ್ಲಿ ಇತ್ತೊ, ತೂದಾ
ಒಂದೇ ಬುಟ್ಟಿಗೆ ನಿಂತರು. ಗಡಿಯಾರ ನಾನು ನೋಡಿದೆ.
ಆರಕ್ಕೊಬ್ಬಳು, ಒಂಬತ್ತಕ್ಕೊಬ್ಬಳು: ಲೆಕ್ಕದಂತೆ
ಮೂರು ನಿಮಿಷ ಮೂವತ್ತಾರು ಸೆಕೆಂಡಿಗೆ ಮುಗಿಯಬೇಕು.
ನಾಲ್ಕು ದಾಟಿತು.
ಮಾತಾಡುತ್ತಿದ್ದರು.