ಹುಳಿಹಿಟ್ಟಿನ ಜಾಡಿ

ಕಾಂಕಾಲ್ ಬಂದರಿನಲ್ಲಿ ಇಳಿತದ ಹೊತ್ತು.
ನೋಟರಿಯ ಮೇಜಿನ ಮೇಲೆ ಎರಡು ಹಾಳೆ:
ಒಂದರಲ್ಲಿ ಎಲ್ಲ ಕೂಡಿಯೇ,
ಇನ್ನೊಂದರಲ್ಲಿ ನಿನ್ನದು ನಿನಗೆ, ನನ್ನದು ನನಗೆ.

ನಾನು ಮೊದಲನೆಯದಕ್ಕೆ ಕೈ ಚಾಚಿದೆ.
ಗ್ವೆನೊಲೆ ಎರಡನೆಯದನ್ನು ಎಳೆದುಕೊಂಡ.
ಮದುವೆಗಿನ್ನೂ ಹನ್ನೊಂದು ದಿನ;
ಆಗಲೇ ಬೇಲಿಯೇ, ಅಂದುಕೊಂಡೆ.

“ಸಾಲ?” ಅಂದರು ನೋಟರಿ, ಕನ್ನಡಕದ ಮೇಲಿಂದ.
ಅವನು ಒಂದೊಂದೇ ಹೇಳಿದ:
ದೋಣಿಯ ಎಂಜಿನ್ನು. ಹೋದ ಬೇಸಗೆ
ರೋಗ ತಗುಲಿ ಬಾಯ್ಬಿಟ್ಟ ಸಿಂಪಿಗಳು.
ತಮ್ಮನಿಗೆ ನಿಂತ ಜಾಮೀನು
(ಇದು ನನಗೂ ಗೊತ್ತಿರಲಿಲ್ಲ).
ಕೊನೆಗೆ, ತಲೆ ಎತ್ತದೆ:
“ನಾಳೆ ಬ್ಯಾಂಕಿನವರು ಬಂದರೆ
ಇವಳ ಒಲೆ ಮುಟ್ಟಬಾರದು.”

ನನ್ನ ಬ್ರೆಡ್ಡಿನ ಒಲೆ. ಅಜ್ಜಿ ಕಟ್ಟಿಸಿದ್ದು,
ಎಡಗಡೆ ಒಂದು ಇಟ್ಟಿಗೆ ಬಿರುಕು.

ನೋಟರಿ ಓದುತ್ತ ಹೋದರು.
ತಕ್ಕಡಿ ನನ್ನದು. ಟ್ರಾಕ್ಟರು ಅವನದು.
ಹುಳಿಹಿಟ್ಟಿನ ಜಾಡಿಗೆ ಬಂದು ನಿಂತರು. “ಇದು?”

ಅಜ್ಜಿಯದೇ. ಆದರೆ ನಾನು ಆಸ್ಪತ್ರೆಯಲ್ಲಿದ್ದ
ಹತ್ತೊಂಬತ್ತು ದಿನ
ಕಡಲಿಂದ ಬಂದು, ಕೆಸರು ತೊಳೆದು,
ಹಿಟ್ಟು ನೀರು ಉಣಿಸಿ ಅದನ್ನು ಉಳಿಸಿದವನು ಇವನು.
ಈಗ ಯಾವ ಹುಳಿ ಯಾರದೋ.

“ಬರೆಯಬೇಡಿ,” ಅಂದೆ. ಗೀಟು ಎಳೆದರು.

ಎರಡನೆಯ ಹಾಳೆಗೇ ಸಹಿ ಹಾಕಿ
ಹೊರಗೆ ಬಂದು,
ಪಾರ್ಕಿಂಗಿಗೆ ಚಿಲ್ಲರೆ ಯಾರು ಕೊಡುವುದೆಂದು
ಜಗಳವಾಡಿದೆವು.
ತಮ್ಮನ ಮಾತನ್ನು ಮಾತ್ರ
ರಾತ್ರಿಗೆ ಎತ್ತಿಟ್ಟುಕೊಂಡಿದ್ದೇನೆ.